ಮಲೇರಿಯಾ ಸುಬ್ಬರಾಮಯ್ಯನವರ ಮೊಮ್ಮಗಳು

ಹೊಸೂರಿನಲ್ಲಿ ರಾಮನಾಯಕನ ಕೆರೆಗೆ ಹೋಗುವ ದಾರಿಯ ಹೆಂಚಿನ ಮನೆಯಲ್ಲಿದ್ದ ಸುಬ್ಬರಾಮಯ್ಯನವರನ್ನು ಬರೀ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮಿಳರಿಗೆ ಅವರು ಮಲೇರಿಯಾ ಅಯ್ಯರ್, ತೆಲುಗಿನವರಿಗೆ ಚಲಿಜ್ವರಂ ಸಾರು, ಡೆಂಕಣಿಕೋಟೆ ಕಡೆಯ ಹಳ್ಳಿಯವರಿಗೆ ಮಲೇರಿಯಾ ಸಾಮಿ. ಇನ್ನೂ ಸೇಲಂ ಜಿಲ್ಲೆಯಾಗಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಅದು ಧರ್ಮಪುರಿ ಜಿಲ್ಲೆಯಾಗಿ, ಎಂಬತ್ತೆರಡರಲ್ಲಿ ನಿವೃತ್ತರಾಗುವ ತನಕ ಇಪ್ಪತ್ತೆಂಟು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಸೈಕಲ್ಲಿಗೆ ಖಾಕಿ ಚೀಲ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವುದು. ಚಳಿಜ್ವರ ಬಂದವರ ಬೆರಳ ತುದಿ ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿ, ಅಲ್ಲೇ ಮಾತ್ರೆ ನುಂಗಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು.

ಮನೆ ಮನೆಯಲ್ಲೂ ಅವರು ಅಪ್ಪಣೆ ಮಾಡುವ ದನಿಯಲ್ಲೇ ಮಾತಾಡುತ್ತಿದ್ದರು. "ಎಷ್ಟು ದಿನಕ್ಕೊಂದ್ಸಲ ಚಳಿ ಬರುತ್ತಮ್ಮ? ಕೈ ಕೊಡು. ಬಾಯಿ ತೆಗಿ. ನುಂಗು." ಮಾತ್ರೆ ಕಹಿ. ಕೆಲವರು ನಾಲಿಗೆಯಡಿ ಇಟ್ಟುಕೊಂಡು, ಅವರು ಬೇಲಿ ದಾಟಿದ ಮೇಲೆ ಉಗುಳುತ್ತಿದ್ದರು. ಅದು ಗೊತ್ತಿದ್ದ ಸುಬ್ಬರಾಮಯ್ಯನವರು ನೀರು ಕುಡಿಸಿ, ಎರಡು ಮಾತಾಡಿಸಿ, ಹೊಟ್ಟೆಗೆ ಇಳಿಯಿತೆಂದು ಖಾತ್ರಿಯಾದ ಮೇಲೆಯೇ ಹೊರಡುತ್ತಿದ್ದರು. ರಾಯಕೋಟೆ ಹತ್ತಿರದ ಕೊಂಡಪ್ಪ ಎಂಬಾತ ಹಾಗೆ ಅವರ ಮಾತ್ರೆಯಿಂದ ಬದುಕಿದವನು. ಎದ್ದು ಓಡಾಡುವಂತಾದ ಮೇಲೆ ಡಿ.ಡಿ.ಟಿ. ಹೊಡೆಯುವ ಕೆಲಸಕ್ಕೆ ಸೇರಿ, ಪಂಪು ಹೊತ್ತು ಅವರ ಹಿಂದೆಯೇ ಹದಿನೆಂಟು ವರ್ಷ ನಡೆದ. ಎಪ್ಪತ್ತಾರರಲ್ಲಿ, ತೊಲಗಿತು ಎಂದುಕೊಂಡಿದ್ದ ರೋಗ ದೇಶಕ್ಕೆಲ್ಲ ಮತ್ತೆ ತಿರುಗಿ ಬಂದಾಗ, ಸೊಳ್ಳೆಗಳಿಗೆ ಡಿ.ಡಿ.ಟಿ. ಒಗ್ಗಿಹೋಗಿದೆ ಎಂದು ಮೇಲಿನವರು ಹೇಳಿದರು. ಸುಬ್ಬರಾಮಯ್ಯನವರು ಆಗಲೂ ಎದೆಗೆಡಲಿಲ್ಲ. ಪುಡಿ ಕೈಕೊಟ್ಟರೆ ಕೊಡಲಿ, ಆ ಬಿಳಿ ಮಾತ್ರೆ ತಮಗೆ ಒಂದು ಸಲವೂ ಕೈಕೊಟ್ಟಿಲ್ಲ ಎಂಬ ಧೈರ್ಯ ಅವರಿಗಿತ್ತು.

ಅವರಿಗೆ ಒಬ್ಬಳೇ ಮಗಳು, ಜಲಜ. ಅಳಿಯ ಹಯಗ್ರೀವ ಹೊಸೂರಿನದೇ ಒಂದು ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವ ಕೆಲಸದಲ್ಲಿದ್ದ. ಎಂಬತ್ತನಾಲ್ಕರಲ್ಲಿ ಅವನಿಗೆ ಆಫ್ರಿಕದ ಟಾಂಜಾನಿಯದಲ್ಲಿ, ಸಮುದ್ರದ ಹತ್ತಿರದ ಒಂದು ಊರಿನ ಕತ್ತಾಳೆ ನಾರಿನ ಗಿರಣಿಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ಅವನು ಮುಂದಾಗಿ ಹೋದ. ನಾಲ್ಕು ತಿಂಗಳಲ್ಲಿ ಮನೆ ಕೊಟ್ಟರು, ಹೆಂಡತಿ ಮಗುವಿಗೂ ಟಿಕೆಟ್ ಬಂತು. ಮಗು ಅಂಬುಜಾಳಿಗೆ ಆಗ ಮೂರೂವರೆ ವರ್ಷ.

ಹೊರಡುವ ಮೊದಲು ಇಬ್ಬರಿಗೂ, ಆ ಕಡೆ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಬೇಕು, ಅದಕ್ಕೊಂದು ಹಳದಿ ಪುಸ್ತಕ ಕೊಡುತ್ತಾರೆ, ಅದಿಲ್ಲದೆ ತಿರುಗಿ ಬರುವಾಗ ನಮ್ಮ ದೇಶದಲ್ಲೇ ತಡೆದು ಕೂರಿಸುತ್ತಾರೆ ಎಂದು ಹಯಗ್ರೀವ ಬರೆದಿದ್ದ. ಆ ಮದ್ದು ಹಾಕುವ ಜಾಗ ಮದ್ರಾಸಿನಲ್ಲಿ, ಅದೂ ವಾರಕ್ಕೊಂದು ದಿನ. ಸುಬ್ಬರಾಮಯ್ಯನವರು ಮಗಳು ಮೊಮ್ಮಗಳನ್ನು ಕರೆದುಕೊಂಡು ಹೋದರು. ಸೂಜಿ ಮದ್ದಿನ ವಿಷಯ ತಮಗೆ ಗೊತ್ತಿದ್ದದ್ದೇ ಎಂಬ ಹೆಮ್ಮೆಯೂ ಇತ್ತು. ಸರದಿ ಬಂದಾಗ ಮೊದಲು ಜಲಜಳ ತೋಳಿಗೆ ಚುಚ್ಚಿದರು. ಮಗುವಿನ ತೋಳು ಹಿಡಿದ ಡಾಕ್ಟರು, "ಕೊಳಂದೈಕ್ಕು ಮುಟ್ಟೈ ಒತ್ತುಕುಮಾ?" ಎಂದು ಕೇಳಿದರು.

ಮಗುವಿಗೆ ಮೊಟ್ಟೆ ಒಗ್ಗುತ್ತದೆಯೇ ಎಂದು ಆ ಪ್ರಶ್ನೆ. ತಂದೆ ಮಗಳು ಮುಖ ಮುಖ ನೋಡಿಕೊಂಡರು. ನಾವು ತಿನ್ನುವವರಲ್ಲ ಎಂದು ಸುಬ್ಬರಾಮಯ್ಯನವರು ತಮಿಳಿನಲ್ಲೇ ಹೇಳಿದರು.

ಡಾಕ್ಟರು ಸಿರಿಂಜು ಕೆಳಗಿಟ್ಟರು. ಈ ಮದ್ದನ್ನು ಕೋಳಿಮೊಟ್ಟೆಯೊಳಗೆ ಬೆಳೆಸುತ್ತಾರೆ, ಮೊಟ್ಟೆ ಒಗ್ಗದವರಿಗೆ ಹಾಕಿದರೆ ಉಸಿರು ಕಟ್ಟಬಹುದು ಎಂದು ತಾಳ್ಮೆಯಿಂದ ವಿವರಿಸಿ, "ಯಾವತ್ತಾದರೂ ಮೈ ಮೇಲೆ ಗಂಧೆ ಎದ್ದದ್ದುಂಟೆ?" ಎಂದು ಕೇಳಿದರು.

ಜಲಜಳಿಗೆ ನೆನಪಾಯಿತು. ಹಿಂದಿನ ವರ್ಷ ಬೆಂಗಳೂರಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ ಒಂದು ತುಂಡು ಕೇಕು ತಿಂದ ಅಂಬುಜಾಳಿಗೆ ಮೈಯೆಲ್ಲ ಗಂಧೆ ಎದ್ದಿತ್ತು. ಪಿತ್ತ ಎಂದು ಕೋಕಮ್ ಹುಳಿ ಅರೆದು ಹಚ್ಚಿ ಸುಮ್ಮನಾಗಿದ್ದರು.

"ಕೇಕಿಗೆ ಮೊಟ್ಟೆ ಹಾಕುತ್ತಾರೆ, ಗೊತ್ತಿಲ್ಲವೇ?" ಎಂದರು ಡಾಕ್ಟರು. "ಅದರಿಂದಲೇ ಎಂದು ನಾನು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಊರಿಗೆ ಹೋಗಿ ಬೇಯಿಸಿದ ಮೊಟ್ಟೆ ಒಂದಿಷ್ಟು ತುಟಿಗೆ ತಾಗಿಸಿ ನೋಡಿ. ಡಾಕ್ಟರಿರುವ ಊರಿನ ಹತ್ತಿರ ಮಾಡಿ. ಏನೂ ಆಗದಿದ್ದರೆ ಮುಂದಿನ ವಾರ ಕರೆದುಕೊಂಡು ಬನ್ನಿ."

ಏಳುವ ಮೊದಲು ಸುಬ್ಬರಾಮಯ್ಯನವರು ಮಲೇರಿಯಾ ಮಾತ್ರೆಯ ಮಾತು ತೆಗೆದರು. ವಾರಕ್ಕೊಂದು ಸಲ ಕೊಟ್ಟರೆ ಸಾಕಲ್ಲವೇ ಎಂದು, ಗೊತ್ತಿದ್ದೂ ಒಂದು ಮಾತಿಗೆ ಕೇಳಿದಂತೆ ಕೇಳಿದರು. ಡಾಕ್ಟರು ಬೇರೆಯವರ ಕಾಗದ ನೋಡುತ್ತಲೇ, "ಕೊಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ಆ ಸೀಮೆಯ ಜ್ವರ ಈ ಮಾತ್ರೆಗೆ ಬಗ್ಗುತ್ತಿಲ್ಲ ಎಂದು ಕೇಳುತ್ತಿದ್ದೇವೆ" ಎಂದುಬಿಟ್ಟರು. "ಹಾಗಾದರೆ ಬೇರೆ ಏನು ಕೊಡಬೇಕು?" ಎಂದರೆ, ದಿನಾ ನುಂಗುವ ಇನ್ನೊಂದು ಮಾತ್ರೆಯ ಹೆಸರು ಹೇಳಿ, ಅದು ಇಲ್ಲಿ ಸಿಕ್ಕುವುದು ಕಷ್ಟ, ಅಲ್ಲಿ ಸಿಕ್ಕರೂ ಸಿಕ್ಕಬಹುದು ಎಂದರು. ರೈಲಿನಲ್ಲಿ ಊರಿಗೆ ಬರುವಾಗ ಸುಬ್ಬರಾಮಯ್ಯನವರ ತಲೆಯಲ್ಲಿ ಎರಡೇ ಸಂಗತಿ. ಮೊಟ್ಟೆಯ ಯೋಚನೆ ಒಂದು ಕಡೆ. ಇಪ್ಪತ್ತೆಂಟು ವರ್ಷ ಸಾವಿರಾರು ಬಾಯಿಗೆ ಹಾಕಿದ ಮಾತ್ರೆ ತಮ್ಮ ಮನೆಯ ಮಗುವಿಗೆ ಆಗಿಬರುವುದಿಲ್ಲ ಎಂಬುದು ಇನ್ನೊಂದು ಕಡೆ.

ಹೆಂಡತಿ ಭಾಗೀರಥಮ್ಮನಿಗೆ ಮದ್ದು ಮುಂದಿನ ವಾರಕ್ಕೆ ಹೋಯಿತೆಂದು ಮಾತ್ರ ಹೇಳಿದರು. ಜಲಜಳಿಗೆ ಸೂಜಿ ಹಾಕಿದ ತೋಳು ಬಾತು ಮೈ ಬೆಚ್ಚಗಾಗಿತ್ತು. ಅವಳನ್ನು ಮನೆಯಲ್ಲೇ ಬಿಟ್ಟು, ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ರಾಯಕೋಟೆ ಬಸ್ಸು ಹತ್ತಿದರು. ಜೇಬಿನಲ್ಲಿ ಗಂಧೆಗೆ ಕೊಡುವ ಏವಿಲ್ ಮಾತ್ರೆ ಇತ್ತು.

ಕೊಂಡಪ್ಪ ಹಟ್ಟಿ ಗುಡಿಸುತ್ತಿದ್ದವನು ಪೊರಕೆ ಹಾಕಿ ಓಡಿಬಂದ. ವಿಷಯ ಕೇಳಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ನೀವು ಹೇಳಿದ್ ಮ್ಯಾಲೆ ನಾನು ಇಲ್ಲ ಅಂತೀನಾ ಸಾಮಿ. ಆದ್ರೆ ಅಮ್ಮೋರ್ಗೆ ಗೊತ್ತಾದ್ರೆ?"

"ಗೊತ್ತಾಗಬಾರದು ಅಂತಲೇ ಇಲ್ಲಿಗೆ ಬಂದಿರೋದು ಕೊಂಡಪ್ಪ."

ಅವನ ಹೆಂಡತಿ ಬೈರಮ್ಮ ಗೂಡಿಂದ ಒಂದು ಮೊಟ್ಟೆ ತಂದು, ಹೊಸ ಕುಡಿಕೆ ತೊಳೆದು ಬೇಯಿಸಿದಳು. ಸಿಪ್ಪೆ ಬಿಡಿಸಿ ಎಲೆಯ ಮೇಲಿಟ್ಟು, "ನೀವು ಮುಟ್ಬ್ಯಾಡಿ ಸಾಮಿ, ನಾನೇ ಕೊಡ್ತೀನಿ" ಎಂದಳು. ಸುಬ್ಬರಾಮಯ್ಯನವರು ಒಪ್ಪಲಿಲ್ಲ. ಕೊಡುವುದು ತಾವಾದ ಮೇಲೆ ಕೈಯೂ ತಮ್ಮದೇ ಆಗಲಿ ಎಂದು ಚಿಟಿಕೆಯಷ್ಟು ತೆಗೆದು ಮಗುವಿನ ತುಟಿಗೆ ಒತ್ತಿದರು. ಕಾಲು ಗಂಟೆ ಕಾದರು. ಏನೂ ಆಗಲಿಲ್ಲ. ಅವರ ಜೀವ ಹಗುರವಾಯಿತು. ಆಮೇಲೆ ಕಡಲೆಕಾಳಿನಷ್ಟು ಬಾಯಿಗಿಟ್ಟರು.

"ತಾತ, ಇನ್ನೂ ಕೊಡು" ಎಂದಳು ಅಂಬುಜಾ.

ಅವಳು ಕೋಳಿಮರಿಗಳ ಹಿಂದೆ ಎರಡು ಸುತ್ತು ಓಡಿ ಬರುವಷ್ಟರಲ್ಲಿ ಕತ್ತು ಕೆರೆದುಕೊಳ್ಳತೊಡಗಿದಳು. ಕೆಳತುಟಿ ಊದಿತು. ನೋಡನೋಡುತ್ತಿದ್ದಂತೆ ಕಣ್ಣ ರೆಪ್ಪೆ ಊದಿ ಮುಚ್ಚಿಕೊಂಡಿತು. ಎದೆಯಿಂದ ಕೊಳಲಿನಂಥ ಸದ್ದು ಹೊರಟಿತು. ಏವಿಲ್ ಮಾತ್ರೆ ಅರೆದು ಹಾಕಿದರೆ ಅರ್ಧ ಹೊರಗೆ ಬಂತು. ಕೊಂಡಪ್ಪ ಸೈಕಲ್ಲು ತಂದ. ಸುಬ್ಬರಾಮಯ್ಯನವರು ಮಗುವನ್ನು ಎದೆಗವಚಿ ಹಿಂದೆ ಕೂತರು. ರಾಯಕೋಟೆಯ ಡಾಕ್ಟರು ಸಿಕ್ಕಿದ್ದೇ ಪುಣ್ಯ. ಎರಡು ಇಂಜೆಕ್ಷನ್ ಬಿದ್ದ ಮೇಲೆ ಉಸಿರು ಸರಾಗವಾಯಿತು. ಮಗು ಮಧ್ಯಾಹ್ನದ ತನಕ ಬೆಂಚಿನ ಮೇಲೆ ನಿದ್ದೆ ಹೋಯಿತು. ಕೊಂಡಪ್ಪ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ.

ಊದಿದ ಮುಖವನ್ನು ಭಾಗೀರಥಮ್ಮನಿಂದ ಮುಚ್ಚುವಂತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಆಕೆ ಮಗುವಿಗೆ ತಲೆಗೆ ನೀರು ಹಾಕಿ, ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಅನ್ನ ಬಡಿಸುತ್ತ, "ಆ ಮದ್ದು ಮೊಟ್ಟೇಲಿ ಮಾಡೋದಾದ್ರೆ ಜಲಜಂಗೆ ಚುಚ್ಚಿದ್ದೂ ಅದೇ ತಾನೆ?" ಎಂದು ಕೇಳಿದರು. ಹೌದು ಎಂದರು ಸುಬ್ಬರಾಮಯ್ಯನವರು. ಆಕೆ ಸಾರು ಹಾಕಿದರು.

ಮುಂದಿನ ವಾರ ಹೋದಾಗ ಮದ್ರಾಸಿನ ಡಾಕ್ಟರು ಮಗುವಿಗೆ ಮದ್ದು ಹಾಕಲಾಗದು ಎಂದು ಒಂದು ಚೀಟಿ ಬರೆದು ಮುದ್ರೆ ಒತ್ತಿ ಕೊಟ್ಟರು. ಈ ಚೀಟಿಯನ್ನು ತಿರುಗಿ ಬರುವಾಗ ಇಲ್ಲಿಯವರು ಒಪ್ಪಿದರೂ ಒಪ್ಪಬಹುದು, ಬಿಟ್ಟರೂ ಬಿಡಬಹುದು, ಆದರೆ ಚೀಟಿ ಸೊಳ್ಳೆಯನ್ನು ತಡೆಯುವುದಿಲ್ಲ ಎಂದೂ ಹೇಳಿದರು. ಹಳದಿ ಜ್ವರಕ್ಕೆ ಔಷಧಿಯೇ ಇಲ್ಲ. ಮಲೇರಿಯಾಕ್ಕೆ ಇದ್ದ ಔಷಧಿ ಅಲ್ಲಿ ನಡೆಯುವ ಭರವಸೆ ಇಲ್ಲ. ಹೊರಡಲು ಇನ್ನು ಹನ್ನೊಂದು ದಿನ ಉಳಿದಿತ್ತು.

ಹೊಸೂರಿನ ಡಾಕ್ಟರೊಬ್ಬರನ್ನು ಕೇಳಿದರೆ, "ಅಲ್ಲಿ ಮಕ್ಕಳೇ ಇಲ್ಲವೇನ್ರಿ, ಧೈರ್ಯವಾಗಿ ಕಳಿಸಿ" ಎಂದರು. ಬೆಂಗಳೂರಿನಲ್ಲಿ ಇನ್ನೊಬ್ಬರು, "ನನ್ನ ಮಗುವಾಗಿದ್ದರೆ ಕಳಿಸುತ್ತಿರಲಿಲ್ಲ" ಎಂದರು. ಹಯಗ್ರೀವನ ಕಾಗದ ಬಂತು. ಅಲ್ಲಿ ಏಳು ಇಂಡಿಯನ್ ಸಂಸಾರಗಳಿವೆ, ಎಲ್ಲರಿಗೂ ಮಕ್ಕಳಿದ್ದಾರೆ, ಎಲ್ಲರೂ ಭಾನುವಾರ ಮಾತ್ರೆ ನುಂಗುತ್ತಾರೆ, ಜ್ವರ ಬರುತ್ತದೆ ಹೋಗುತ್ತದೆ, ಮಾವನವರು ಹೆಚ್ಚು ಯೋಚಿಸುವುದು ಬೇಡ ಎಂದು ಬರೆದಿದ್ದ. ಆ ಕಾಗದ ಇಪ್ಪತ್ತು ದಿನದ ಹಿಂದಿನದು. ಮೊಟ್ಟೆಯ ಸಂಗತಿ ಅವನಿಗೆ ಇನ್ನೂ ತಲುಪಿಯೇ ಇರಲಿಲ್ಲ.

ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ಜಲಜ ತಂದೆಯ ಎದುರು ಬಂದು ಕೂತಳು.

"ಅಪ್ಪ, ಊರಿಗೆಲ್ಲ ಔಷಧಿ ಕೊಟ್ಟೋನು ನೀನು. ಹೋಗು ಅಂದ್ರೆ ಹೋಗ್ತೀನಿ. ಅವಳನ್ನ ಬಿಟ್ಟು ಹೋಗು ಅಂದ್ರೆ ಬಿಟ್ಟು ಹೋಗ್ತೀನಿ. ಇಬ್ಬರೂ ಇರಿ ಅಂದ್ರೆ ಇರ್ತೀವಿ. ನೀನೇ ಹೇಳು."

ಭಾಗೀರಥಮ್ಮ ಅಡಿಗೆ ಮನೆ ಬಾಗಿಲಿಗೆ ಬಂದು ನಿಂತರು. "ಮಗು ಇಲ್ಲೇ ಇರ್ಲಿ. ನಾನು ನೋಡ್ಕೋತೀನಿ."

"ಎರಡು ವರ್ಷ ಆದ್ಮೇಲೆ ಅವಳು ಅಮ್ಮ ಅಂತ ಯಾರನ್ನ ಕರೀತಾಳೆ ಅಮ್ಮ?" ಎಂದಳು ಜಲಜ. ಆಮೇಲೆ ಮತ್ತೆ ತಂದೆಯ ಕಡೆ ತಿರುಗಿದಳು.

ಕಳಿಸಿದರೆ ಏನಾಗಬಹುದು ಎಂಬುದು ಸುಬ್ಬರಾಮಯ್ಯನವರಿಗೆ ಗೊತ್ತಿದ್ದಷ್ಟು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜ್ವರ ತಲೆಗೇರಿ ಫಿಟ್ಸು ಬಂದ ಮಕ್ಕಳನ್ನು ಅಂಚೆಟ್ಟಿ ಕಾಡಿನ ಗುಡಿಸಲುಗಳಲ್ಲಿ ಅವರು ಕಂಡಿದ್ದರು. ಹಾಗೆಯೇ ಏನೂ ಆಗದೆ ಗಟ್ಟಿಮುಟ್ಟಾಗಿ ಬೆಳೆದ ನೂರಾರು ಮಕ್ಕಳನ್ನೂ ಕಂಡಿದ್ದರು. ಯಾವ ಮಗು ಯಾವ ಸಾಲಿಗೆ ಎಂದು ಹೇಳುವ ವಿದ್ಯೆ ಅವರಲ್ಲಿರಲಿಲ್ಲ. ಬಿಟ್ಟು ಹೋಗು ಎಂದರೆ ತಾಯಿ ಮಗುವನ್ನು ಬೇರೆ ಮಾಡಿದಂತೆ, ಇಬ್ಬರೂ ಇರಿ ಎಂದರೆ ಮಗಳ ಸಂಸಾರಕ್ಕೆ ಅಡ್ಡ ಬಂದಂತೆ.

"ನನಗೆ ಗೊತ್ತಾಗ್ತಾ ಇಲ್ಲಮ್ಮ" ಎಂದರು.

ಜಲಜ ಎದ್ದು ಬಟ್ಟೆ ಮಡಿಸಲು ಹೋದಳು. ಮಗುವನ್ನು ಕರೆದುಕೊಂಡು ಹೋಗುವುದೆಂದು ಆ ಸಂಜೆ ಅವಳೇ ಹೇಳಿದಳು. ಉಳಿದ ದಿನಗಳಲ್ಲಿ ಸುಬ್ಬರಾಮಯ್ಯನವರು ಕೈಯಲ್ಲಿ ಆಗುವುದನ್ನೆಲ್ಲ ಮಾಡಿದರು. ಗಟ್ಟಿ ಬಟ್ಟೆಯ ಅಂಚು ಕೊಟ್ಟು ಸೊಳ್ಳೆ ಪರದೆ ಹೊಲಿಸಿದರು. ಎರಡು ವರ್ಷಕ್ಕಾಗುವಷ್ಟು ತಮ್ಮ ಹಳೆಯ ಬಿಳಿ ಮಾತ್ರೆಯನ್ನೇ ಕೊಂಡು, ಮಗುವಿನ ತೂಕಕ್ಕೆ ಎಷ್ಟು ಭಾಗ ಎಂದು ಬರೆದು, ಬೆಲ್ಲದ ಜೊತೆ ಅರೆದು ಕೊಡುವುದನ್ನು ಮಗಳಿಗೆ ಕಲಿಸಿದರು. ನೀರು ಕುಡಿಸಿ ಎರಡು ಮಾತಾಡಿಸು, ಇಳಿದಿದೆಯಾ ನೋಡು ಎಂದು ನಾಲ್ಕು ಸಲ ಹೇಳಿದರು.

ದಿನಾ ನುಂಗುವ ಮಾತ್ರೆ ಅಲ್ಲೂ ಸಿಗಲಿಲ್ಲ ಎಂಬುದೊಂದು ಬಿಟ್ಟರೆ, ಮೊದಲ ಎಂಟು ತಿಂಗಳು ಕಾಗದಗಳು ಚೆನ್ನಾಗಿಯೇ ಬಂದವು. ಅಂಬುಜಾ ಅಲ್ಲಿಯ ಮಕ್ಕಳ ಭಾಷೆ ಕಲಿತಿದ್ದಾಳೆ, ಭಾನುವಾರ ಬಂದರೆ ಮಂಚದ ಕೆಳಗೆ ಅವಿತುಕೊಳ್ಳುತ್ತಾಳೆ ಎಂದು ಜಲಜ ಬರೆಯುತ್ತಿದ್ದಳು. ಎಂಬತ್ತೈದರ ಜೂನಿನಲ್ಲಿ ಒಂದು ಕಾಗದ ಬಂತು. ಬೇರೆಲ್ಲ ಬರೆದು ಕೊನೆಯಲ್ಲಿ, 'ಅಂಬುಗೆ ನಾಲ್ಕು ದಿನದಿಂದ ಜ್ವರ. ಮಾತ್ರೆ ಒಂದು ವಾರವೂ ತಪ್ಪಿಸಿಲ್ಲ. ನೀನು ಬರೆದುಕೊಟ್ಟಂತೆ ಹೆಚ್ಚಿಗೆ ಮಾತ್ರೆ ಕೊಟ್ಟಿದ್ದೇನೆ, ಇಳಿದಿಲ್ಲ. ಮುಂದೇನು ಮಾಡಲಿ ಬರಿ' ಎಂದಿತ್ತು.

ಸುಬ್ಬರಾಮಯ್ಯನವರು ತಾರೀಖು ನೋಡಿದರು. ಕಾಗದ ಹಾಕಿ ಹತ್ತೊಂಬತ್ತು ದಿನವಾಗಿತ್ತು. ನಾಲ್ಕೂ ಹತ್ತೊಂಬತ್ತೂ ಇಪ್ಪತ್ತಮೂರು. ಆ ಜ್ವರದಲ್ಲಿ ಇಪ್ಪತ್ತಮೂರನೆಯ ದಿನಕ್ಕೆ ಮುಂದೇನು ಎಂಬ ಪ್ರಶ್ನೆ ಇರುವುದಿಲ್ಲ. ಆಗಬೇಕಾದ್ದು ಎರಡರಲ್ಲೊಂದು ಆಗಿಹೋಗಿರುತ್ತದೆ. ಇದು ಹೊಳೆದೂ ಅವರು ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ಓಡಿದರು. ಮಾತ್ರೆ ಸಾಲದು, ಕ್ವಿನೈನ್ ಕೊಡಿಸಿ, ಆಸ್ಪತ್ರೆಗೆ ಸೇರಿಸಿ ಎಂದು ತಂತಿ ಬರೆದುಕೊಟ್ಟರು. ಗುಮಾಸ್ತ ಊರಿನ ಹೆಸರನ್ನು ಎರಡು ಸಲ ಓದಿ, "ಇದು ಯಾವ ಕಡೆ ಬರುತ್ತೆ ಸಾರ್?" ಎಂದ. "ಸಮುದ್ರದ ಹತ್ತಿರ" ಎಂದರು ಅವರು.

ತಂತಿಗೆ ಉತ್ತರ ಬರಲಿಲ್ಲ. ಭಾಗೀರಥಮ್ಮ ದೇವರಿಗೆ ದೀಪ ಹಚ್ಚಿ ಅಲ್ಲೇ ಕೂತಿರುತ್ತಿದ್ದರು. ಸುಬ್ಬರಾಮಯ್ಯನವರು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಒಮ್ಮೆ ಕೊಂಡಪ್ಪ ಮಾವಿನಕಾಯಿ ತಂದವನು, "ಪಾಪು ಹೆಂಗದೆ ಸಾಮಿ?" ಎಂದು ಕೇಳಿದ. "ಕಾಗದ ಬಂದಿಲ್ಲ" ಎಂದರು. ಅವನು ಕಾಯಿಯ ಚೀಲ ಇಳಿಸಿ, ಅವರ ಜೊತೆ ಬೀದಿಯ ಕೊನೆಗೆ ಬಂದು ನಿಂತ. ಹದಿನಾರನೆಯ ದಿನ ಕಾಗದ ಬಂತು. ವಿಳಾಸದ ಅಕ್ಷರ ಜಲಜಳದಲ್ಲ, ಹಯಗ್ರೀವನದು. ಅದನ್ನು ಒಡೆಯಲು ಅವರಿಗೆ ಕೈ ಬರಲಿಲ್ಲ. ಪೋಸ್ಟ್‌ಮ್ಯಾನ್ ಕೈಗೇ ಕೊಟ್ಟು, "ನೀನೇ ಒಡೆದುಕೊಡಪ್ಪ" ಎಂದರು.

ಮಗು ಬದುಕಿತ್ತು. ಐದನೆಯ ದಿನ ಫಿಟ್ಸು ಬಂದು, ಪಾದ್ರಿಗಳ ಆಸ್ಪತ್ರೆಗೆ ಸೇರಿಸಿ, ರಕ್ತನಾಳಕ್ಕೆ ಕ್ವಿನೈನ್ ಹರಿಸಿ, ಎರಡು ದಿನ ಎಚ್ಚರವಿಲ್ಲದೆ ಇದ್ದು ಮೂರನೆಯ ದಿನ ಕಣ್ಣು ಬಿಟ್ಟಳು. ಈಗ ಊಟ ಮಾಡುತ್ತಾಳೆ. ಜಲಜ ದಣಿದಿದ್ದಾಳೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಕಾಗದದಲ್ಲಿ ಇಷ್ಟೇ ಇತ್ತು. ಭಾಗೀರಥಮ್ಮ ಸತ್ಯನಾರಾಯಣ ಪೂಜೆ ಮಾಡಿಸಿದರು. ತಂತಿ ತಲುಪುವ ಮೊದಲೇ ಮಗು ಮನೆಗೆ ಬಂದಾಗಿತ್ತೆಂದು ಆಮೇಲಿನ ಕಾಗದದಿಂದ ತಿಳಿಯಿತು.

ಎಂಬತ್ತಾರರ ಕೊನೆಗೆ, ಆರು ತಿಂಗಳು ಮುಂದುವರಿಸಿದ್ದ ಕರಾರು ಮುಗಿಸಿಕೊಂಡು ಮೂವರೂ ಹೊರಟರು. ಸುಬ್ಬರಾಮಯ್ಯನವರು ಬೆಂಗಳೂರಿನಿಂದ ರೈಲು ಹಿಡಿದು ಬೊಂಬಾಯಿಗೆ ಹೋದರು. ವಿಮಾನ ನಿಲ್ದಾಣದ ಹೊರಗೆ ಹಯಗ್ರೀವ ಒಬ್ಬನೇ ಪೆಟ್ಟಿಗೆಗಳ ಜೊತೆ ನಿಂತಿದ್ದ. ಮಗುವಿಗೆ ಹಳದಿ ಪುಸ್ತಕ ಇಲ್ಲದ್ದರಿಂದ, ಡಾಕ್ಟರ ಚೀಟಿ ತೋರಿಸಿದರೂ, ನಿಯಮದಂತೆ ಆರು ದಿನ ಬೇರೆ ಇರಿಸಿದ್ದರು. ಜಲಜ ಅವಳ ಜೊತೆ ಒಳಗೆ ಉಳಿದಿದ್ದಳು. ಯಾರನ್ನೂ ಒಳಗೆ ಬಿಡುವುದಿಲ್ಲ, ಬೇಲಿಯ ಹೊರಗಿನಿಂದ ನೋಡಬಹುದು ಎಂದ.

ತಂತಿ ಬೇಲಿ, ಆಮೇಲೆ ಒಂದಿಷ್ಟು ಹುಲ್ಲು, ಆಮೇಲೆ ಸಣ್ಣ ಜಾಲರಿ ಬಿಗಿದ ಪಡಸಾಲೆ. ಸೊಳ್ಳೆ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಹೋಗದಂತೆ ಆ ಏರ್ಪಾಡು. ನಿಯಮ ಸರಿಯಾಗಿಯೇ ಇದೆ ಎಂದು ಅವರ ಒಳಗಿನ ಮಲೇರಿಯಾ ನೌಕರನಿಗೆ ಅನ್ನಿಸಿತು, ತಾತ ಮಾತ್ರ ಬೇಲಿಗೆ ಮುಖವಿಟ್ಟು ಮಗುವನ್ನು ಹುಡುಕಿದ. ಜಾಲರಿಯ ಹಿಂದೆ ಒಂದು ಮಗು ಅವರಿಗೆ ಬೆನ್ನು ಮಾಡಿ ಕೂತಿತ್ತು. ಜಡೆ ಉದ್ದವಾಗಿತ್ತು.

"ಅಂಬೂ" ಎಂದು ಕರೆದರು.

ಮಗು ತಿರುಗಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ ಕರೆದರು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಯಾರೋ ತಲೆಯೆತ್ತಿ ನೋಡಿದರು. ಮಗು ತಿರುಗಲಿಲ್ಲ. ತನ್ನನ್ನು ಮರೆತಿದ್ದಾಳೆ, ಮರೆಯದೆ ಇರುತ್ತಾಳೆಯೇ, ಎರಡು ವರ್ಷವಾಯಿತಲ್ಲ ಎಂದುಕೊಂಡರು. ಒಳಗಿನಿಂದ ಜಲಜ ಬಂದಳು. ತಂದೆಯನ್ನು ಕಂಡು, ಬಗ್ಗಿ ಮಗುವಿನ ಭುಜ ಮುಟ್ಟಿ, ಬೇಲಿಯ ಕಡೆ ಬೆರಳು ತೋರಿಸಿದಳು. ಅಂಬುಜಾ ತಿರುಗಿದಳು. ಗುರುತು ಹಿಡಿದು ಎರಡು ಕೈಯನ್ನೂ ಎತ್ತಿ ಬೀಸಿದಳು.

"ಕರೆದರೆ ಯಾಕೆ ತಿರುಗಲಿಲ್ಲ?" ಎಂದು ಅಳಿಯನನ್ನು ಕೇಳಿದರು.

ಹಯಗ್ರೀವ ನೆಲ ನೋಡಿಕೊಂಡು ಹೇಳಿದ. "ಆ ಜ್ವರ ಬಿಟ್ಟ ಮೇಲೆ ಬಲಗಿವಿ ಪೂರ್ತಿ ಹೋಯ್ತು ಮಾವ. ಎಡಗಿವಿ ಅರ್ಧಂಬರ್ಧ. ಡಾಕ್ಟ್ರು ಸರಿ ಹೋಗಲ್ಲ ಅಂದ್ರು. ಅಪ್ಪಂಗೆ ಬರೀಬೇಡಿ, ಅಲ್ಲಿ ಕೂತು ಏನು ಮಾಡಿಯಾರು ಅಂತ ಜಲಜ ಅಂದ್ಲು."

ಆರು ದಿನವೂ ಸುಬ್ಬರಾಮಯ್ಯನವರು ಬೇಲಿಯ ಹೊರಗಿನ ಕಲ್ಲಿನ ಮೇಲೆ ಬಂದು ಕೂತರು. ಮೂರನೆಯ ದಿನ ಜಲಜ ಜಾಲರಿಯ ಹತ್ತಿರ ಬಂದು, ಊಟ ಆಯ್ತಾ, ಎಲ್ಲಿ ಇಳ್ಕೊಂಡಿದ್ದೀಯ ಎಂದೆಲ್ಲ ಕೇಳಿದಳು. ಆಮೇಲೆ, "ನೀನು ಅವತ್ತು ಬೇಡ ಅಂದಿದ್ರೆ ನಾನು ಬಿಟ್ಟು ಹೋಗ್ತಿದ್ದೆ ಅಪ್ಪ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವರು ಹೌದಮ್ಮ ಎಂದರು.

ಏಳನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರು. ಅಂಬುಜಾ ಓಡಿಬಂದು ಅವರ ಎಡಗೈ ಹಿಡಿದುಕೊಂಡಳು. ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲಿ ಅವಳು ಏನೋ ಕೇಳಿದಳು, ಅವರು ಹೇಳಿದ್ದು ಅವಳಿಗೆ ತಲುಪಲಿಲ್ಲ. ಅವರು ಕೈ ಬದಲಿಸಿ, ಅವಳ ಎಡಗಿವಿಯ ಪಕ್ಕಕ್ಕೆ ಬಂದು, ಬಗ್ಗಿ, "ರಾತ್ರಿಯೆಲ್ಲ ರೈಲು, ನಾಳೆ ಸಂಜೆ ಬೆಂಗಳೂರು, ಆಮೇಲೆ ಬಸ್ಸು" ಎಂದು ಮತ್ತೊಮ್ಮೆ ಹೇಳಿದರು.